ವಂದನೆ ಬರೆಯದ ದಿನ

ಪಾಂಡವಪುರದ ಆ ಶಾಲೆಯ ಹೆಡ್‌ಮಾಸ್ಟರನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ವಯಸ್ಸಾದಂತೆ ಕೋಪ ತಾನಾಗಿ ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಇಳಿಸಿಕೊಳ್ಳಲೇಬೇಕು ಎಂದು ಅನ್ನಿಸಿಯೂ ಇಲ್ಲ.

ತೊಂಬತ್ತರ ದಶಕದ ನಡುಭಾಗ. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. ಊರಿನ ಅಂಚಿನಲ್ಲಿ ಹೆಂಚಿನ ಬಾಡಿಗೆ ಮನೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ನಮ್ಮ ಒಬ್ಬಳೇ ಮಗಳು. ನಾವು ಕ್ಯಾಥೊಲಿಕರು. ಅತ್ತೆಯ ತವರು ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮ ಜನ ತಲೆತಲಾಂತರದಿಂದ ಗದ್ದೆ ಮಾಡಿಕೊಂಡು ಇದ್ದವರು. ಮಾತಿನಲ್ಲಾಗಲಿ ಉಡುಗೆಯಲ್ಲಾಗಲಿ ಪಕ್ಕದ ಗೌಡರ ಮನೆಯವರಿಗೂ ಅವರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನು ಮೈಸೂರಿನವಳು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಒಂದು ಕಾನ್ವೆಂಟಿನಲ್ಲಿ ವಿಜ್ಞಾನ ಪಾಠ ಮಾಡಿದ್ದೆ. ಮದುವೆಯಾದ ಮೇಲೆ ಕೆಲಸ ಬಿಡಿಸಿದರು. ಬಿಡಿಸಿದವರು ಯಾರು ಎಂದು ಕೇಳಿದರೆ ಗಂಡ ಅತ್ತೆಯನ್ನು ತೋರಿಸುತ್ತಿದ್ದರು, ಅತ್ತೆ ಗಂಡನನ್ನು ತೋರಿಸುತ್ತಿದ್ದರು.

ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೆಳಗಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಂತವಳು ಅಲ್ಲೇ ಬಿದ್ದಳು. ಕೈಕಾಲು ಸೆಟೆದುಕೊಂಡಿತು, ಬಾಯಲ್ಲಿ ನೊರೆ ಬಂತು. ಯಾರೋ ಓಡಿ ಬಂದು ನನ್ನನ್ನು ಕರೆದರು. ನಾನು ಹೋಗುವ ಹೊತ್ತಿಗೆ ಅವಳಿಗೆ ಎಚ್ಚರವಾಗಿತ್ತು. ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ಇಟ್ಟು ಅದುಮಿದ್ದರಿಂದ ಅಂಗೈಯಲ್ಲಿ ರಕ್ತ ಒಸರುತ್ತಿತ್ತು. ಆ ಗೊಂಚಲು ಹೆಡ್‌ಮಾಸ್ಟರನದು. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದವು. ಅವಳ ಲಂಗ ಒದ್ದೆಯಾಗಿತ್ತು. ಅದರ ಮೇಲೆ ಒಂದು ಟವೆಲು ಹಾಕಬೇಕು ಎಂದು ಅಲ್ಲಿದ್ದ ಆರು ಜನ ಮೇಷ್ಟ್ರುಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು ಮೂರ್ಛೆ ರೋಗ ಎಂದರು. ಬೆಳಗ್ಗೆ ಒಂದು, ಸಂಜೆ ಒಂದು ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದು ಎಂದು ಬರೆದುಕೊಟ್ಟರು. ಎರಡು ವಾರ ಕಳೆದು ಶಾಲೆಗೆ ಕಳಿಸಿದರೆ ಹೆಡ್‌ಮಾಸ್ಟರ ನನ್ನನ್ನು ಕರೆಸಿಕೊಂಡ.

"ನೋಡಿಯಮ್ಮ, ಬ್ಯಾರೆ ಮಕ್ಳು ಎದ್ರುಕತಾವೆ. ಅವುಗಳ ಅಪ್ಪ ಅವ್ವದಿರು ಬಂದು ಕೇಳ್ತಾವ್ರೆ. ಮಗೀನ ಮನೇಲೇ ಇಟ್ಕಳಿ. ವಾಸಿಯಾದ್ಮ್ಯಾಕೆ ನೋಡುವ."

"ಇದು ಅಂಟೋ ಕಾಯಿಲೆ ಅಲ್ಲ ಸಾರ್."

"ನಂಗೂ ಗೊತ್ತು ಕಣಮ್ಮ. ನಾನೂ ಬಿ.ಎಸ್ಸಿ. ಮಾಡಿರೋನೆಯಾ. ಆದ್ರೆ ಜನಕ್ಕೆ ಏಳಕ್ಕಾಯ್ತದಾ?"

ಗೊತ್ತಿಲ್ಲದೆ ತಪ್ಪು ಮಾಡುವವರ ಮೇಲೆ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಆತನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ವರ್ಷದ ಹುಡುಗಿಯನ್ನು ಹೊರಗೆ ಹಾಕಿದ.

ಮನೆಗೆ ಬಂದು ಮಗಳ ಚೀಲದಿಂದ ವಿಜ್ಞಾನದ ಪುಸ್ತಕ ತೆಗೆದು ಓದಿದೆ. ಇಷ್ಟೇ ತಾನೇ ಅನ್ನಿಸಿತು. ಗಣಿತ, ಕನ್ನಡ, ಸಮಾಜ ಎಲ್ಲವನ್ನೂ ನಾನೇ ಹೇಳಿಕೊಡುತ್ತೇನೆ ಎಂದು ಗಂಡನಿಗೆ ಹೇಳಿದೆ. ಆದರೆ ಒಳಗೊಳಗೆ ನನ್ನ ಹಟವೆಲ್ಲ ವಿಜ್ಞಾನದ ಮೇಲೆ ಇತ್ತು. ಆ ಬಿ.ಎಸ್ಸಿ.ಗೆ ಈ ಬಿ.ಎಸ್ಸಿ. ಏನು ಎಂದು ತೋರಿಸಬೇಕು. ಪಾಠ ಶುರುವಾದದ್ದು ಹಾಗೆ. ಮಗಳ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ.

ಬೆಳಗ್ಗೆ ಗಂಡ ಡ್ಯೂಟಿಗೆ ಹೋದ ಮೇಲೆ ಹಜಾರದಲ್ಲಿ ಚಾಪೆ ಹಾಕಿ ಕೂರುತ್ತಿದ್ದೆವು. ಮೊದಲು ಶಿಲುಬೆ ಗುರುತು. ಆಮೇಲೆ ಪಾಠ. ನಾನು ಕಾನ್ವೆಂಟಿನಲ್ಲಿ ಓದುವಾಗ ನಮಗೆ ಸಸ್ಯಶಾಸ್ತ್ರ ಹೇಳಿಕೊಟ್ಟ ಒಬ್ಬ ಸಿಸ್ಟರು ಹೂವಿನ ಎಸಳು ಬಿಡಿಸುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ದೇವರು ಮಾಡಿದ್ದನ್ನು ಬಿಚ್ಚಿ ನೋಡುತ್ತಿದ್ದೇವೆ, ಅಪ್ಪಣೆ ಕೇಳಬೇಕು ಎನ್ನುತ್ತಿದ್ದರು. ನಾನು ಅದನ್ನೇ ಹಿಡಿದುಕೊಂಡೆ. ಮಗಳ ನೋಟ್‌ಬುಕ್ಕಿನಲ್ಲಿ ಪ್ರತಿ ಪಾಠದ ಕೆಳಗೆ ಎರಡು ಸಾಲು ಬರೆಯಬೇಕು. ಒಂದು, ಇವತ್ತು ಏನು ಕಂಡೆ. ಇನ್ನೊಂದು, ದೇವರಿಗೆ ಯಾತಕ್ಕೆ ವಂದನೆ. ಎರಡನೆಯದನ್ನು ಅವಳೇ ಯೋಚಿಸಿ ಬರೆಯಬೇಕು, ನಾನು ಹೇಳಿಕೊಡುವುದಿಲ್ಲ.

ಒದ್ದೆ ಬಟ್ಟೆಯಲ್ಲಿ ಹುರುಳಿ ಕಟ್ಟಿ ಮೊಳಕೆ ಬರಿಸಿದೆವು. ಕಬ್ಬು ಅರೆಯುವ ಕಾಲದಲ್ಲಿ ಹಿತ್ತಲಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕರಿಬೂದಿ ಬೀಳುತ್ತಿತ್ತು. ಯಾವ ದಿನ ಎಷ್ಟು ಬೀಳುತ್ತದೆ, ಗಾಳಿ ಯಾವ ಕಡೆಯದು ಎಂದು ಅವಳು ಬರೆದಿಟ್ಟಳು. ನಾಲೆಯ ಪಕ್ಕದ ಗುಂಡಿಯಿಂದ ಗೊದಮೊಟ್ಟೆಗಳನ್ನು ತಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಕಿದೆವು. ಅವುಗಳಿಗೆ ಕಾಲು ಮೂಡಿ ಬಾಲ ಹೋದ ದಿನ ಅವಳು ಬರೆದದ್ದು ನನಗೆ ಬಾಯಿಪಾಠವಾಗಿದೆ: "ಬಾಲ ಬಿದ್ದುಹೋದರೂ ಕಪ್ಪೆ ಅಳುವುದಿಲ್ಲ. ಅದಕ್ಕೆ ದೇವರಿಗೆ ವಂದನೆ."

ಜ್ಞಾನೋಪದೇಶವನ್ನೂ ನಾನೇ ಹೇಳಿಕೊಡುತ್ತಿದ್ದೆ. ಒಂದು ದಿನ ಸೃಷ್ಟಿಯ ಕಥೆ ಓದಿದ ಮೇಲೆ ಅವಳು ತಲೆಯೆತ್ತಿ ಕೇಳಿದಳು.

"ಅಮ್ಮ, ದೇವ್ರು ಮೊದಲನೇ ದಿನ ಬೆಳಕು ಮಾಡಿದ. ಸೂರ್ಯನ್ನ ಮಾಡಿದ್ದು ನಾಲ್ಕನೇ ದಿನ. ಮಧ್ಯೆ ಮೂರು ದಿನ ಬೆಳಕು ಎಲ್ಲಿಂದ ಬರ್ತಿತ್ತು?"

ಊಟಕ್ಕೆ ಏಳು ಎಂದು ಗದರಿದೆ. ಭಾನುವಾರ ಬಲಿಪೂಜೆಗೆ ಬಸ್ಸಿನಲ್ಲಿ ಹೋದಾಗ ಪೂಜೆ ಮುಗಿದ ಮೇಲೆ ಫಾದರನ್ನು ಕೇಳಿದೆ. ಅವರು ನಕ್ಕು, "ಹೆಣ್ಣುಮಗುಗೆ ಇಷ್ಟೊಂದೆಲ್ಲ ಯಾಕಮ್ಮ ತಲೆಗೆ ತುಂಬ್ತೀರಿ? ಮೊದಲೇ ತಲೆ ಸರಿಯಿಲ್ಲ," ಎಂದರು. ಆ ವರ್ಷ ಅವಳ ಪ್ರಥಮ ಪರಮಪ್ರಸಾದವನ್ನು ಅವರು ಮುಂದೂಡಿದ್ದರು. ಪ್ರಸಾದ ಬಾಯಲ್ಲಿರುವಾಗ ಬಿದ್ದರೆ ಕಷ್ಟ ಎಂಬುದು ಕಾರಣ. ಬಸ್ಸಿನಲ್ಲಿ ಮಗಳಿಗೆ ಹೇಳಿದೆ: "ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಫಾದರಿಗೂ ಗೊತ್ತಿಲ್ಲ. ಪ್ರಶ್ನೆ ಬರೆದು ಇಟ್ಕೊ." ಅವಳು ಮನೆಗೆ ಬಂದ ತಕ್ಷಣ ಬರೆದುಕೊಂಡಳು.

ಅತ್ತೆಗೆ ಈ ಪಾಠವೆಂದರೆ ಆಗುತ್ತಿರಲಿಲ್ಲ. ಹಜಾರದಲ್ಲಿ ಕಪ್ಪೆ, ಹುಳ, ಕೊಳೆತ ಎಲೆ ನೋಡಿದರೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಅವರ ತಲೆಯಲ್ಲಿ ಮೊಮ್ಮಗಳಿಗೆ ಆಗಿರುವುದು ಕಾಯಿಲೆಯೇ ಅಲ್ಲ, ಯಾವುದೋ ಕೆಟ್ಟ ಕಣ್ಣು. ತೀರ್ಥ ಚಿಮುಕಿಸುವುದು, ಜಪಸರವನ್ನು ತಲೆದಿಂಬಿನ ಕೆಳಗೆ ಇಡುವುದು, ಇವನ್ನು ನಾನು ಬೇಡ ಎಂದವಳಲ್ಲ. ನಾನೂ ಮಾಡುತ್ತಿದ್ದೆ. ಆದರೆ ಮಾತ್ರೆ ಕೊಡುವಾಗಲೆಲ್ಲ ಅವರು ಮುಖ ತಿರುಗಿಸುತ್ತಿದ್ದರು.

ಒಮ್ಮೆ ದೊಡ್ಡ ಜಗಳವೇ ಆಯಿತು. ಪಕ್ಕದ ಮನೆಯ ಹಾಲಿನ ಗೌಡತಿಯ ಎಮ್ಮೆ ಕರು ಹಾಕುತ್ತಿತ್ತು. ಆಕೆ ಗಟ್ಟಿ ಹೆಂಗಸು, ಗಂಡನಿಲ್ಲದೆ ಮೂರು ಎಮ್ಮೆ ಕಟ್ಟಿ ಮಗನನ್ನು ಬೆಳೆಸಿದವಳು. ಬೇಲಿಯಾಚೆಯಿಂದ ಕೂಗಿದಳು.

"ಏ ಮೇಡಮ್ಮೋ, ದಿನಾ ಪುಸ್ತುಕ ಪುಸ್ತುಕ ಅಂತೀಯಲ್ಲ, ಮಗೀನ ಕರ್ಕಬಾ. ಇಲ್ನೋಡ್ಲಿ, ಕರೀನ ಕಾಲು ಈಚೆ ಬಂದದೆ!"

ನಾನು ಮಗಳನ್ನು ಕರೆದುಕೊಂಡು ಹೋದೆ. ಮುಂದಿನ ಎರಡು ಗೊರಸು ಮೊದಲು, ಅವುಗಳ ಮೇಲೆ ಮೂತಿ, ಆಮೇಲೆ ಒಮ್ಮೆಲೇ ಇಡೀ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು, ಆದರೆ ಕಣ್ಣು ಮುಚ್ಚಲಿಲ್ಲ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಎಣ್ಮಗೀಗೆ ಇಂಥದ್ನೆಲ್ಲ ತೋರ್ಸದಾ? ನಾಚ್ಕೆ ಆಗಾಕಿಲ್ವಾ ನಿಂಗೆ? ಇದೇನಾ ನಿಮ್ಮ ಮೈಸೂರ್ ಸಿಸ್ಟರುಗಳು ಕಲ್ಸಿದ್ದು?"

"ದೇವರು ಮಾಡಕ್ಕೆ ನಾಚಿಕೊಳ್ಳದೇ ಇರೋದನ್ನ ನೋಡಕ್ಕೆ ನಾನ್ಯಾಕೆ ನಾಚಿಕೊಳ್ಳಲಿ ಅತ್ತೆ?"

ಅವರು ಮೂರು ದಿನ ನನ್ನ ಕೈಯಲ್ಲಿ ನೀರು ಮುಟ್ಟಲಿಲ್ಲ. ಗಂಡ ಇಬ್ಬರ ನಡುವೆ ಊಟದ ತಟ್ಟೆ ಸಾಗಿಸಿದರು. ಅವರದು ಯಾವಾಗಲೂ ಅದೇ ಕೆಲಸ.

ಹೀಗೆ ಒಂದು ವರ್ಷ ನಡೆಯಿತು. ಮಗಳಿಗೆ ಆ ವರ್ಷ ಮೂರೇ ಸಲ ಮೂರ್ಛೆ ಬಂದಿತ್ತು. ಡಾಕ್ಟರು ಸಂತೋಷಪಟ್ಟಿದ್ದರು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಅತ್ತೆಯ ತವರೂರಿನಲ್ಲಿ ಮೂರು ದಿನದ ಧ್ಯಾನಕೂಟ ಇಟ್ಟುಕೊಂಡಿದ್ದರು. ಎಲ್ಲಿಂದಲೋ ಒಬ್ಬ ಪ್ರವಚನಕಾರ ಬಂದಿದ್ದ. ಪಾದ್ರಿಯಲ್ಲ, ಏನೂ ಅಲ್ಲ. ಬಿಳಿ ಬಟ್ಟೆ ಹಾಕಿಕೊಂಡು ಮೈಕು ಹಿಡಿದವನು. ನನ್ನ ತಂದೆಯ ವರ್ಷದ ಪೂಜೆಗೆ ನಾನು ಅದೇ ಸಮಯಕ್ಕೆ ಮೈಸೂರಿಗೆ ಹೋಗಬೇಕಿತ್ತು. ನಾನಿಲ್ಲದಾಗ ಗಂಡ, ಅತ್ತೆ ಇಬ್ಬರೂ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಸಿದರಂತೆ. ನನಗೆ ಆಮೇಲೆ ಹೇಳಿದರು. ಪ್ರಾರ್ಥನೆ ತಾನೇ, ಮಾಡಿಸಲಿ ಎಂದು ಸುಮ್ಮನಾದೆ.

ನಾನು ಮೈಸೂರಿನಿಂದ ಬಂದ ಮಾರನೆಯ ದಿನ ಅತ್ತೆ ಎಂದೂ ಇಲ್ಲದಷ್ಟು ಮೃದುವಾಗಿ ಹೇಳಿದರು.

"ನೀನೊಬ್ಳೇ ಎಷ್ಟೂಂತ ಮಾಡೀಯವ್ವ? ಮಗೀಗೆ ಮಾತ್ರೆ ನಾನೇ ಕೊಡ್ತೀನಿ ಬುಡು, ಆಲಿನ್ ಜೊತೇಲಿ."

ನನಗೆ ಕಣ್ಣಲ್ಲಿ ನೀರು ಬಂತು. ಮುದುಕಿ ಕೊನೆಗೂ ಕರಗಿದಳು ಎಂದುಕೊಂಡೆ. ಮಾತ್ರೆಯ ಡಬ್ಬಿಯನ್ನು ನನ್ನ ಕೈಯಾರೆ ಅವರ ಕೈಗೆ ಕೊಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಕೈಯನ್ನು ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ಐದನೆಯ ದಿನ ಮಧ್ಯಾಹ್ನ ಉಸಿರಾಟದ ಪಾಠ ಮಾಡುತ್ತಿದ್ದೆವು. ಲೋಟದಲ್ಲಿ ಸುಣ್ಣದ ತಿಳಿನೀರು. ಪರಂಗಿ ಎಲೆಯ ದಂಟನ್ನು ಕೊಳವೆ ಮಾಡಿ ಅದರಲ್ಲಿ ಊದಬೇಕು. ನಾವು ಬಿಡುವ ಉಸಿರು ಸೇರಿ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅವಳು ಕೆನ್ನೆ ಉಬ್ಬಿಸಿ ಊದಿದಳು. ನೀರು ಬೆಳ್ಳಗಾಗುತ್ತಾ ಬಂತು. "ಅಮ್ಮ, ಬಂತು!" ಎಂದು ನಗುತ್ತಲೇ ಕಣ್ಣು ಮೇಲೆ ಸಿಕ್ಕಿಸಿಕೊಂಡಳು. ಲೋಟ ಉರುಳಿತು.

ನಾನು ಮೊದಲಿನಂತೆ ಮಗ್ಗುಲಿಗೆ ಮಲಗಿಸಿ ಕಾದೆ. ಎರಡು ನಿಮಿಷದಲ್ಲಿ ನಿಲ್ಲಬೇಕಿತ್ತು, ನಿಂತಿತು. ಎಚ್ಚರವಾಗುವ ಮುಂಚೆಯೇ ಮತ್ತೆ ಶುರುವಾಯಿತು. ಅದು ನಿಂತು ಮತ್ತೆ. ತುಟಿ ನೀಲಿಯಾಗತೊಡಗಿತು. ನಾನು ಕಿರುಚಿದೆ. ಅತ್ತೆ ಬಾಗಿಲಲ್ಲಿ ನಿಂತು ಜಪಸರ ಹಿಡಿದು ಜಪ ಹೇಳತೊಡಗಿದರು. ಬೇಲಿ ದಾಟಿ ಓಡಿಬಂದವಳು ಹಾಲಿನ ಗೌಡತಿ.

"ಅಯ್ಯೋ ಏನ್ ನೋಡ್ತಾ ಕುಂತಿದ್ದೀಯವ್ವ, ಎತ್ಕ ಮಗೀನ! ನನ್ ಮಗ ಟ್ರಾಕ್ಟ್ರು ತಕ್ಕಂಡು ನಿಂತವ್ನೆ, ನಡಿ!"

ಅವಳ ಮಗ ಕಬ್ಬಿನ ಲೋಡು ಇಳಿಸಿ ಆಗಷ್ಟೇ ಬಂದಿದ್ದ. ಖಾಲಿ ಟ್ರೈಲರಿನಲ್ಲಿ ಕಬ್ಬಿನ ಸೋಗೆಯ ಮೇಲೆ ಮಗಳನ್ನು ಮಲಗಿಸಿಕೊಂಡು ಕೂತೆ. ಗೌಡತಿ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಳು. ಊರಿನ ಆಸ್ಪತ್ರೆಯಲ್ಲಿ ಸೂಜಿ ಹಾಕಿ, ಅಲ್ಲಿಂದ ಮೈಸೂರಿಗೆ ಕಳಿಸಿದರು. ಅಷ್ಟು ಹೊತ್ತಿಗೆ ಗಂಡ ಕಾರ್ಖಾನೆಯಿಂದ ಓಡಿಬಂದಿದ್ದರು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ ಪ್ರಶ್ನೆ ಅದೊಂದೇ.

"ಮಾತ್ರೆ ನಿಲ್ಲಿಸಿದ್ರಾ?"

"ಇಲ್ಲ ಡಾಕ್ಟ್ರೇ. ಒಂದು ಹೊತ್ತೂ ತಪ್ಪಿಸಿಲ್ಲ."

"ಸರಿಯಾಗಿ ಯೋಚ್ನೆ ಮಾಡಿ ಹೇಳಿಯಮ್ಮ. ಏಕಾಏಕಿ ನಿಲ್ಸಿದ್ರೇನೇ ಹೀಗಾಗೋದು."

"ದೇವರಾಣೆ ನಿಲ್ಲಿಸಿಲ್ಲ," ಎಂದೆ. ಪಕ್ಕದಲ್ಲಿ ಗಂಡ ನೆಲ ನೋಡುತ್ತಿದ್ದರು. ಅವರು ನೆಲ ನೋಡಿದ ರೀತಿಯಲ್ಲೇ ನನಗೆ ಅರ್ಧ ತಿಳಿಯಿತು.

ಹೊರಗೆ ಬಂದ ಮೇಲೆ ಬಾಯಿಬಿಟ್ಟರು. ಆ ಬಿಳಿಬಟ್ಟೆಯವನು ವೇದಿಕೆಯ ಮೇಲಿನಿಂದ ಹೇಳಿದ್ದನಂತೆ, ಮಗು ವಾಸಿಯಾಗಿದೆ, ಇನ್ನು ಮಾತ್ರೆ ಕೊಡುವುದು ಎಂದರೆ ದೇವರನ್ನು ನಂಬುವುದಿಲ್ಲ ಎಂದು ಹೇಳಿದ ಹಾಗೆ, ಕೃಪೆ ಹೊರಟುಹೋಗುತ್ತದೆ ಎಂದು. ಅತ್ತೆ ಅಷ್ಟೂ ದಿನ ಬೆಳಗ್ಗೆ ಸಂಜೆ ಎಣಿಸಿ ಮಾತ್ರೆ ತೆಗೆದು ಹಂಡೆ ಒಲೆಗೆ ಹಾಕಿದ್ದರು, ಡಬ್ಬಿ ನೋಡಿದರೆ ನನಗೆ ಅನುಮಾನ ಬರಬಾರದು ಎಂದು.

"ನಿಮಗೆ ಗೊತ್ತಿತ್ತಾ?"

"ಅವ್ವ ಏಳುದ್ಲು. ಮಗು ವಾಸಿಯಾಗ್ಲಿ ಅಂತ... ನಾನೂ ನಂಬ್ಬುಟ್ಟೆ ಕಣೆ."

ನಾನು ಅವರಿಗೆ ಹೊಡೆದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ, ಜನರ ಎದುರಿಗೆ, ಎರಡು ಏಟು. ಅವರು ಕೈ ಅಡ್ಡ ಹಿಡಿಯಲಿಲ್ಲ. ಒಬ್ಬ ನರ್ಸು ಬಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು.

ಮಗಳು ಬದುಕಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಮನೆ ಬಿಟ್ಟು ಹೋಗಲು ತವರಿನಲ್ಲಿ ಜಾಗವಿರಲಿಲ್ಲ. ಅದೇ ಹಜಾರ, ಅದೇ ಒಲೆ. ಅಡುಗೆ ಮಾಡಿ ತಟ್ಟೆಯನ್ನು ಅವರ ಮುಂದೆ ತಳ್ಳುತ್ತಿದ್ದೆ.

ಆ ಪ್ರವಚನಕಾರನ ಬಗ್ಗೆ ಫಾದರ ಹತ್ತಿರ ಹೋಗಿ ಕೂಗಾಡಿದೆ. ಅವರು ಬೆಚ್ಚಿಬಿದ್ದರು. ಮಾತ್ರೆ ಬಿಡಿ ಎಂದು ನಮ್ಮ ಧರ್ಮಸಭೆ ಎಂದೂ ಹೇಳುವುದಿಲ್ಲ, ವೈದ್ಯನೂ ದೇವರ ಕೈ ಎಂದರು. "ಇದನ್ನ ಪೀಠದ ಮುಂದೆ ನಿಂತು ಹೇಳಿ ಸ್ವಾಮಿ. ನನ್ನ ಕಿವೀಲಿ ಹೇಳಿದ್ರೆ ಏನು ಬಂತು?" ಎಂದೆ. ಎರಡು ಭಾನುವಾರ ಕಳೆದ ಮೇಲೆ ಹೇಳಿದರು, ಅರೆಮನಸ್ಸಿನಲ್ಲಿ, ಯಾರಿಗೂ ನೋವಾಗದ ಹಾಗೆ ಸುತ್ತಿ ಬಳಸಿ. ಅಷ್ಟಾದರೂ ಹೇಳಿದರು. ಈಸ್ಟರ್ ಆದಮೇಲೆ ಮಗಳಿಗೆ ಪರಮಪ್ರಸಾದವನ್ನೂ ಕೊಟ್ಟರು.

ಪಾಠ ಮತ್ತೆ ಶುರು ಮಾಡಿದಾಗ ಇನ್ನೊಂದು ಆಘಾತ ಕಾದಿತ್ತು. ಅವಳಿಗೆ ಅನೇಕ ವಿಷಯ ಮರೆತುಹೋಗಿತ್ತು. ಹೂವಿನ ಭಾಗಗಳನ್ನು ಮುಂಚೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಈಗ ದಾಸವಾಳ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ಒಂದು ಸಲ ಹೇಳಿದೆ, ನಾಲ್ಕು ಸಲ ಹೇಳಿದೆ. ಹೆಡ್‌ಮಾಸ್ಟರನ ಮುಖ ಕಣ್ಣ ಮುಂದೆ ಬಂತು. ಇವಳನ್ನು ಇನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಎಂದು ಭಯವಾಯಿತು. ಐದನೆಯ ಸಲ ಕೇಳಿ, ಉತ್ತರ ಬರದಿದ್ದಾಗ ಕೆನ್ನೆಗೆ ಬಾರಿಸಿದೆ.

ಅವಳು ಅಳಲಿಲ್ಲ. ಹೂವನ್ನು ಚಾಪೆಯ ಮೇಲೆ ಇಟ್ಟು, "ನೀನೂ ಆ ಹೆಡ್‌ಮಾಸ್ಟ್ರ ಥರಾನೇ ಅಮ್ಮ. ನಿಂಗೂ ವಾಸಿಯಾಗಿರೋ ಮಗಳೇ ಬೇಕು," ಎಂದಳು.

ಹತ್ತು ವರ್ಷದ ಮಗು. ನಾನು ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಎಲ್ಲರನ್ನೂ ಬೈದುಕೊಂಡು ಬಂದಿದ್ದೆನಲ್ಲ, ಆ ಪಟ್ಟಿಯಲ್ಲಿ ನನ್ನನ್ನು ಸೇರಿಸಿಕೊಂಡಿರಲಿಲ್ಲ. ಒಳಗೆ ಬಂದು ಅವಳ ಕ್ಷಮೆ ಕೇಳಿದೆ. ಆ ವಾರ ಪಾಪನಿವೇದನೆಯಲ್ಲೂ ಹೇಳಿದೆ. ಆಮೇಲೆ ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಬೆಳಗ್ಗೆ ಗೌಡತಿಯ ಕೊಟ್ಟಿಗೆಗೆ ಹೋಗಿ ಆ ಕರುವಿಗೆ ಹುಲ್ಲು ಹಾಕಿ ಬರುತ್ತಿದ್ದಳು, ಅದೇ ಪಾಠ.

ಒಂದು ಭಾನುವಾರ ಅವಳೇ ಕೇಳಿದಳು. "ನನ್ನ ತಲೇಲಿ ಏನಾಗತ್ತೆ?"

ನಾನು ಮಾರ್ಕೆಟ್ಟಿನಿಂದ ತಂದಿದ್ದ ಹೂಕೋಸನ್ನು ಎರಡು ಹೋಳು ಮಾಡಿ ಮಿದುಳು ಹೀಗಿರುತ್ತದೆ ಎಂದು ತೋರಿಸಿದೆ. ನರಗಳ ಬಗ್ಗೆ ಹೇಳತೊಡಗಿದೆ. ಅವಳ ಮುಖ ನೋಡಿದರೆ ತಲೆಗೆ ಹೋಗುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಬಾಗಿಲ ಹತ್ತಿರ ಕೂತಿದ್ದ ಗಂಡ ಎದ್ದು ಹೋದರು. ಸಂಜೆ ಒಂದು ಹಲಗೆ ತಂದರು. ಅದಕ್ಕೆ ಆರು ಸಣ್ಣ ಟಾರ್ಚ್ ಬಲ್ಬು, ವೈರು, ಶೆಲ್ಲು ಜೋಡಿಸಿದ್ದರು. ಮಗಳ ಮುಂದೆ ಇಟ್ಟು ಒಂದು ವೈರಿನ ತುದಿಯನ್ನು ಸಡಿಲ ಮಾಡಿ ಅಲ್ಲಾಡಿಸಿದರು. ಆರೂ ಬಲ್ಬು ಮಿಣಮಿಣ ಎಂದು ಹತ್ತಿ ಆರತೊಡಗಿದವು.

"ನೋಡವ್ವ, ಬಲ್ಬು ಕೆಟ್ಟಿಲ್ಲ. ಶೆಲ್ಲೂ ಕೆಟ್ಟಿಲ್ಲ. ಇಲ್ಲೊಂದ್ ಕಡೆ ಕನೆಕ್ಸನ್ನು ಅದುರ್ತದೆ, ಅಷ್ಟೇಯ. ಮಾತ್ರೆ ಅದುರದಂಗೆ ಇಡ್ಕತದೆ." ವೈರನ್ನು ಬೆರಳಿನಿಂದ ಒತ್ತಿ ಹಿಡಿದರು. ಬಲ್ಬುಗಳು ಸ್ಥಿರವಾಗಿ ಉರಿದವು. "ಬೆಳ್ಳು ತೆಗುದ್ರೆ ಏನಾಯ್ತದೆ?"

"ಮತ್ತೆ ಅದುರ್ತದೆ."

"ಅಪ್ಪ ಬೆಳ್ಳು ತೆಗ್ದುಬುಟ್ಟಿದ್ದ ಕಣವ್ವ," ಎಂದು ಹೇಳಿ ವೈರನ್ನು ಅವಳ ಕೈಗೆ ಕೊಟ್ಟರು.

ಆ ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ನಡೆದ ಅತ್ಯುತ್ತಮ ಪಾಠ ಅದು. ನನ್ನದಲ್ಲ, ಅವರದು. ನಾನು ಅದನ್ನು ಅವರಿಗೆ ಹೇಳಲಿಲ್ಲ. ಹೇಳುವಷ್ಟು ಒಳ್ಳೆಯವಳಾಗಿರಲಿಲ್ಲ.

ಮಗಳು ಬಹಳ ಹೊತ್ತು ವೈರನ್ನು ಒತ್ತುತ್ತಾ ಬಿಡುತ್ತಾ ಕೂತಿದ್ದಳು. ಕೊನೆಗೆ ಕೇಳಿದಳು: "ಮತ್ತೆ ದೇವ್ರು ಯಾಕೆ ಕನೆಕ್ಷನ್ ಸರಿಯಾಗಿ ಕೊಡ್ಲಿಲ್ಲ?" ಗಂಡ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

ಅವಳು ನೋಟ್‌ಬುಕ್ಕಿನಲ್ಲಿ ಬರೆದು ಗಟ್ಟಿಯಾಗಿ ಓದಿದಳು. ಕಂಡದ್ದು: "ಒಂದು ವೈರು ಅದುರಿದರೆ ಎಲ್ಲ ಬಲ್ಬೂ ಅದುರುತ್ತವೆ." ಅದರ ಕೆಳಗೆ: "ದೇವರೇ, ಇವತ್ತು ನಿನಗೆ ವಂದನೆ ಇಲ್ಲ. ಮಾತ್ರೆಗೆ ವಂದನೆ." ಅತ್ತೆ ಅದನ್ನು ಕೇಳಿಸಿಕೊಂಡು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ನಾನು ಅಳಿಸು ಎನ್ನಲಿಲ್ಲ. ದೇವರು ಅಷ್ಟು ಮಾತನ್ನು ತಡೆದುಕೊಳ್ಳಲಾರದಷ್ಟು ಚಿಕ್ಕವನಾದರೆ ಅವನಿಗೆ ನಾನು ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ಮಂಡಿಯೂರುವ ಅಗತ್ಯವೇ ಇಲ್ಲ.

ಮುಂದಿನ ವರ್ಷ ಅವಳು ಮತ್ತೆ ಚೇತರಿಸಿಕೊಂಡಳು. ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಆರನೇ ಕ್ಲಾಸಿಗೆ ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತೇವೆ ಎಂದರು. ಹಳೆಯ ಶಾಲೆಯ ಟಿ.ಸಿ. ಬೇಕಿತ್ತು. ಹೋಗಿ ಕೇಳಿದೆ. ಹೆಡ್‌ಮಾಸ್ಟರ ಬರೆದುಕೊಟ್ಟ. ಷರಾ ಎಂಬ ಕಡೆ ಕೆಂಪು ಮಸಿಯಲ್ಲಿ "ಮೂರ್ಛೆ ರೋಗಿ" ಎಂದು ಬರೆದಿದ್ದ.

"ಇದನ್ನ ತೆಗೀರಿ," ಎಂದೆ.

"ಇದ್ದುದ್ ಬರ್ದಿವ್ನಿ ಕಣಮ್ಮ. ಸುಳ್ಳು ಬರಿಯಾಕಾಯ್ತದಾ?"

"ಆ ಸ್ಕೂಲಿಗೆ ನಾನೇ ಬಾಯಲ್ಲಿ ಹೇಳ್ತೀನಿ. ಇದು ನೀವು ನನ್ನ ಮಗಳ ಹಣೆ ಮೇಲೆ ಬರೀತಿರೋದು. ಬೇರೆ ಮಕ್ಕಳ ಟಿ.ಸಿ.ಲಿ ಅಸ್ತಮಾ, ಸಕ್ಕರೆ ಕಾಯಿಲೆ ಎಲ್ಲ ಬರೀತೀರಾ?"

"ಟೈಮಿಲ್ಲ, ಓಗಿಯಮ್ಮ."

ನಾನು ಹೋಗಲಿಲ್ಲ. ಆತನ ಆಫೀಸಿನ ಬೆಂಚಿನ ಮೇಲೆ ಬೆಳಗ್ಗೆ ಹತ್ತಕ್ಕೆ ಕೂತವಳು ಕೂತೇ ಇದ್ದೆ. ಜಪಸರ ತೆಗೆದು ಹೊರಳಿಸುತ್ತಿದ್ದೆ. ಜಪ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ನಾನು ಒಂದೊಂದು ಮಣಿಗೆ ಒಂದೊಂದು ಬೈಗುಳ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಎದ್ದ, ಬಂದ. ಮೇಷ್ಟ್ರುಗಳು ಬಂದು ಇಣುಕಿದರು. ನಾಲ್ಕು ಗಂಟೆಗೆ ಹೊಸ ಹಾಳೆ ತೆಗೆದು, ಷರಾ ಜಾಗವನ್ನು ಖಾಲಿ ಬಿಟ್ಟು, ಬರೆದು ನನ್ನ ಮುಂದೆ ಎಸೆದ. ಬಗ್ಗಿ ಎತ್ತಿಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ.

ಹೊಸ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಮೊದಲ ದಿನವೇ ಎಲ್ಲ ಹೇಳಿದೆ. ಆಕೆ ಕನ್ನಡಕ ತೆಗೆದಿಟ್ಟು, "ಬಿದ್ರೆ ನಾವೇನ್ ಮಾಡ್ಬೇಕು, ಅದನ್ ಏಳ್ಕೊಡಿ," ಎಂದರು, ಅಷ್ಟೇ. ಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ತುರುಕದಿರುವುದು, ಕೈಗೆ ಕಬ್ಬಿಣ ಕೊಡದಿರುವುದು, ಒಂದು ಬಟ್ಟೆ ಹೊದಿಸುವುದು. ಸ್ಟಾಫ್ ರೂಮಿನಲ್ಲಿ ಎಲ್ಲ ಮೇಷ್ಟ್ರುಗಳಿಗೂ ಮಾಡಿ ತೋರಿಸಿದೆ. ಇಷ್ಟು ಸುಲಭದ ಕೆಲಸಕ್ಕೆ ಎರಡು ವರ್ಷ ಬೇಕಾಯಿತಲ್ಲ ಎಂದು ವಾಪಸು ಬರುವ ಬಸ್ಸಿನಲ್ಲಿ ನನಗೆ ಇನ್ನಷ್ಟು ಕೋಪ ಬಂತು.

ಮಗಳು ಆ ಶಾಲೆಯಲ್ಲಿ ಎರಡು ಸಲ ಬಿದ್ದಳು. ಎರಡೂ ಸಲ ಎದ್ದು ಪಾಠಕ್ಕೆ ಕೂತಳು. ಹದಿನಾರನೇ ವಯಸ್ಸಿಗೆ ಡಾಕ್ಟರು ಮಾತ್ರೆಯನ್ನು ನಿಧಾನವಾಗಿ ಇಳಿಸುತ್ತಾ ಬಂದು ನಿಲ್ಲಿಸಿದರು. ಈಗ ನಾಗಮಂಗಲದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಪೂಜೆಗೆ ಹೋಗುತ್ತಾಳೆ. ದೇವರ ಜೊತೆ ಅವಳ ಲೆಕ್ಕಾಚಾರ ಏನು ಎಂದು ನಾನು ಕೇಳಿಲ್ಲ.

ಅತ್ತೆ ಕೊನೆಯ ಒಂದು ವರ್ಷ ಹಾಸಿಗೆ ಹಿಡಿದಿದ್ದರು. ನಾನೇ ಮೈ ಒರೆಸಿದೆ, ನಾನೇ ಗಂಜಿ ಕುಡಿಸಿದೆ. ಬೇಕಾದಷ್ಟು ಮಾತು ಮಾತ್ರ ಆಡುತ್ತಿದ್ದೆ. ನೀವು ಅವರನ್ನು ಕ್ಷಮಿಸಬೇಕು ಎಂದು ಫಾದರ್ ಹೇಳಿದಾಗ, "ಗಂಜಿ ಕುಡಿಸ್ತಿದ್ದೀನಿ ಸ್ವಾಮಿ, ಸದ್ಯಕ್ಕೆ ಅಷ್ಟು ಸಾಕು," ಎಂದಿದ್ದೆ.

ಒಂದು ಸಂಜೆ ನಾನು ನೀರು ತರಲು ಹೋಗಿದ್ದಾಗ ಅತ್ತೆ ಮೊಮ್ಮಗಳ ಕೈ ಹಿಡಿದು, "ನಿನ್ ಕೊಂದ್ಬುಡ್ತಿದ್ದೆ ಕಣವ್ವ ನಾನು, ತಪ್ಪಾಯ್ತು," ಎಂದು ಅತ್ತರಂತೆ. ಅವಳು, "ಬುಡಜ್ಜಿ, ನಿಂಗೆ ಗೊತ್ತಿರ್ನಿಲ್ಲ," ಎಂದು ಅಲ್ಲೇ ಕ್ಷಮಿಸಿಬಿಟ್ಟಳಂತೆ. ನನಗೆ ಆಮೇಲೆ ಮಗಳೇ ಹೇಳಿದಳು. ಅಷ್ಟು ಸುಲಭಕ್ಕೆ ಕ್ಷಮೆ ಯಾಕೆ ಕೊಟ್ಟೆ ಎಂದು ಅವಳ ಮೇಲೂ ರೇಗಿದ್ದೆ. ಅವಳು, "ಅದು ನನ್ದಲ್ವಾ ಅಮ್ಮ, ಕೊಡಕ್ಕೆ," ಎಂದು ಅಜ್ಜಿಯ ಗಂಜಿ ಬಿಸಿ ಮಾಡಲು ಒಳಗೆ ಹೋದಳು.

ಅತ್ತೆ ನನ್ನ ಹತ್ತಿರ ಕ್ಷಮೆ ಕೇಳಲಿಲ್ಲ. ಕೇಳುತ್ತಾರೆ ಎಂದು ನಾನು ಕೊನೆಯವರೆಗೂ ಕಾದಿದ್ದೆ.